ಹೊತ್ತು ಮೀರಿ ಕೇಳಿಸಿದ ರಾಕ್ ಆಲ್ಬಂಗಳು

ಬಂದ ವರ್ಷ ಕೊಳ್ಳುವವರಿಲ್ಲದೆ, ರೇಡಿಯೊದವರು ಮುಟ್ಟದೆ ಮೂಲೆ ಸೇರಿದ ರಾಕ್ ಆಲ್ಬಂಗಳು ನೂರಾರು. ಅವುಗಳಲ್ಲಿ ಕೆಲವನ್ನು ಹತ್ತಿಪ್ಪತ್ತು ವರ್ಷಗಳ ಮೇಲೆ ಹೊಸ ತಲೆಮಾರಿನ ಸಂಗೀತಗಾರರು ಹುಡುಕಿ ತೆಗೆದರು, ವಿಮರ್ಶಕರು ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಕೂರಿಸಿದರು. ಎಲ್ಲಕ್ಕಿಂತ ಹೆಸರಾದದ್ದು ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡ ಗಾಯಕಿ ನೀಕೊ ಜೊತೆ ಸೇರಿ 1967ರಲ್ಲಿ ತಂದ ಆಲ್ಬಂ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 171ನೇ ಸ್ಥಾನದಿಂದ ಮೇಲೇರಲಿಲ್ಲ. ಅದನ್ನು ಕೊಂಡವರು ಕೆಲವೇ ಮಂದಿ, ಆದರೆ ಕೊಂಡವರೆಲ್ಲ ಒಂದೊಂದು ತಂಡ ಕಟ್ಟಿದರು ಎಂಬರ್ಥದ ಮಾತೊಂದು ಸಂಗೀತಗಾರ ಬ್ರಯಾನ್ ಈನೋ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಹೇಳಿ ಹೇಳಿ ಸವೆದ ಈ ಮಾತಿನಿಂದ ಒಂದು ತಪ್ಪು ಕಲ್ಪನೆಯೂ ಬೆಳೆದಿದೆ: ಸೋತ ಆಲ್ಬಂಗಳೆಲ್ಲ ಕಾಲಕ್ಕಿಂತ ಮುಂದಿದ್ದವು, ಜನಕ್ಕೆ ಅರ್ಥವಾಗಲಿಲ್ಲ, ಅದಕ್ಕೇ ಸೋತವು ಎಂದು. ಒಂದೊಂದರ ಕಥೆಯನ್ನೂ ಬಿಡಿಸಿ ನೋಡಿದರೆ ಸಿಗುವ ಕಾರಣಗಳು ಅಷ್ಟು ಘನವಾದವಲ್ಲ. ಸರಕು ಅಂಗಡಿ ತಲುಪಲಿಲ್ಲ, ತಂಡ ಆಗಲೇ ಒಡೆದಿತ್ತು, ಕಂಪನಿ ಬಾಗಿಲು ಹಾಕಿತು, ತಂಡದ ಹೆಸರು ದೊಡ್ಡವರಿಗೆ ಹಿಡಿಸಲಿಲ್ಲ. ಹೆಚ್ಚಿನ ಹಾಡುಗಳು ಯಾರ ಕಿವಿಗೂ ಬೀಳದೆಯೇ ಸೋತಿದ್ದವು.

ಇದು ತಿಳಿಯಬೇಕಾದರೆ ಆ ಕಾಲದ ವ್ಯಾಪಾರದ ರೀತಿ ಸ್ವಲ್ಪ ಗೊತ್ತಿರಬೇಕು. ಎಲ್‌ಪಿ ತಟ್ಟೆಯನ್ನು ಅಮೆರಿಕದ ಕೊಲಂಬಿಯಾ ಕಂಪನಿ ಮಾರುಕಟ್ಟೆಗೆ ತಂದದ್ದು 1948ರಲ್ಲಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ಈ ತಟ್ಟೆಯ ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷದ ಆಚೀಚೆ ಸಂಗೀತ ಹಿಡಿಸುತ್ತಿತ್ತು. ಆದರೂ 1960ರ ದಶಕದ ನಡುವಿನವರೆಗೆ ರಾಕ್ ಸಂಗೀತ ಬದುಕಿದ್ದು 45 ಸುತ್ತಿನ ಸಣ್ಣ ತಟ್ಟೆಯ ಮೇಲೆ. ಸಿಂಗಲ್ ಎಂದು ಕರೆಯುತ್ತಿದ್ದ ಅದರಲ್ಲಿ ಆಚೆಗೊಂದು ಈಚೆಗೊಂದು ಹಾಡು. ಎಲ್‌ಪಿ ಎಂದರೆ ಒಂದೆರಡು ಹೆಸರಾದ ಹಾಡಿನ ಜೊತೆಗೆ ಸೇರಿಸಿಕೊಟ್ಟ ಭರ್ತಿ ಸಾಮಾನು. ಬಾಬ್ ಡಿಲನ್, ಬೀಟಲ್ಸ್, ಬೀಚ್ ಬಾಯ್ಸ್ ತಂಡದವರು 1965ರಿಂದ 67ರ ಒಳಗೆ ಆಲ್ಬಂ ಎಂದರೆ ಮೊದಲಿಂದ ಕೊನೆಯವರೆಗೆ ಕೂತು ಕೇಳಬೇಕಾದ ಒಂದೇ ಕೃತಿ ಎಂಬ ರೂಢಿ ಹಾಕಿದರು. ಸಂಗೀತ ಬದಲಾಯಿತು, ಮಾರುವ ಕ್ರಮ ಬದಲಾಗಲಿಲ್ಲ. ಸಿಂಗಲ್ ಒಂದು ರೇಡಿಯೊದಲ್ಲಿ ಗೆದ್ದರೆ ಮಾತ್ರ ಅಂಗಡಿಯವರು ಆಲ್ಬಂ ತರಿಸುತ್ತಿದ್ದರು. ಮಾರದೆ ಉಳಿದ ತಟ್ಟೆಗಳು ಕಂಪನಿಗೆ ವಾಪಸು ಹೋಗುತ್ತಿದ್ದವು. ಅಲ್ಲಿಂದ ಹೊದಿಕೆಯ ಮೂಲೆ ಕತ್ತರಿಸಿಯೋ ತೂತು ಹೊಡೆದೋ ಚಿಲ್ಲರೆ ಬೆಲೆಗೆ ಸುರಿಯಲು ಬರುತ್ತಿದ್ದವು. ಮುಂದೆ ಕೆಲವು ಆಲ್ಬಂಗಳಿಗೆ ಮರುಜೀವ ಬಂದದ್ದು ಈ ರಾಶಿಗಳಲ್ಲಿ ಕೈಯಾಡಿಸುತ್ತಿದ್ದ ಹುಡುಗರಿಂದಲೇ.

ತಂಡವೇ ಇಲ್ಲವಾದ ಮೇಲೆ ಆಲ್ಬಂ ಗೆದ್ದ ವಿಚಿತ್ರಕ್ಕೆ ಜಾಂಬೀಸ್ ತಂಡದ ‘ಒಡಿಸ್ಸಿ ಅಂಡ್ ಓರಕಲ್’ ಉದಾಹರಣೆ. ಲಂಡನ್ ಬಳಿಯ ಸೇಂಟ್ ಆಲ್ಬನ್ಸ್ ಊರಿನ ಈ ಐವರು 1964ರಲ್ಲಿ ‘ಶೀ ಈಸ್ ನಾಟ್ ದೇರ್’ ಹಾಡಿನಿಂದ ಅಮೆರಿಕದಲ್ಲಿ ಎರಡನೇ ಸ್ಥಾನದವರೆಗೆ ಏರಿದ್ದರು. ಆಮೇಲೆ ಹಾಡುಗಳು ಒಂದೊಂದಾಗಿ ಬಿದ್ದವು. ಕೈಯಲ್ಲಿ ಸಿಬಿಎಸ್ ಕಂಪನಿ ಕೊಟ್ಟ 1,000 ಪೌಂಡ್ ಇಟ್ಟುಕೊಂಡು 1967ರ ಜೂನ್‌ನಲ್ಲಿ ಅವರು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊಗೆ ಬಂದರು. ಬೀಟಲ್ಸ್ ಆಗಷ್ಟೇ ‘ಸಾರ್ಜೆಂಟ್ ಪೆಪ್ಪರ್’ ಮುಗಿಸಿ ಅಲ್ಲಿಂದ ಎದ್ದಿದ್ದರು. ಜಾನ್ ಲೆನನ್ ಬಿಟ್ಟುಹೋಗಿದ್ದ ಮೆಲೊಟ್ರಾನ್ ಮೂಲೆಯಲ್ಲಿತ್ತು, ತಾವು ಅದನ್ನೇ ಬಳಸಿಕೊಂಡೆವು ಎಂದು ಕೀಬೋರ್ಡ್ ವಾದಕ ರಾಡ್ ಆರ್ಜೆಂಟ್ ಹೇಳಿಕೊಂಡಿದ್ದಾರೆ. ಕೀಲಿ ಒತ್ತಿದರೆ ಪಿಟೀಲು, ಕೊಳಲುಗಳ ಧ್ವನಿಮುದ್ರಿತ ಟೇಪು ಓಡುವ ವಾದ್ಯ ಅದು. ವಾದ್ಯವೃಂದ ಕರೆಸುವ ಹಣವಿಲ್ಲದ ತಂಡಕ್ಕೆ ಅದೇ ವಾದ್ಯವೃಂದವಾಯಿತು.

ಹಣ ಕಡಿಮೆ ಇದ್ದುದರಿಂದ ಸ್ಟುಡಿಯೊದಲ್ಲಿ ಕೂತು ಯೋಚಿಸುವ ಐಷಾರಾಮ ಇರಲಿಲ್ಲ. ಹಾಡುಗಳನ್ನು ಹೊರಗೆ ಪೂರ್ತಿ ತಾಲೀಮು ಮಾಡಿಕೊಂಡು ಬಂದು ಬೇಗ ಬೇಗ ಮುದ್ರಿಸಿಕೊಳ್ಳುತ್ತಿದ್ದರು. ಆಲ್ಬಂಗೆ ಬಂದಿರುವ ಬಿಗಿ ಈ ಬಡತನದ ಕೊಡುಗೆ. ಮೊದಲ ಹಾಡು ‘ಕೇರ್ ಆಫ್ ಸೆಲ್ 44’ ಜೈಲಿನಲ್ಲಿರುವ ಪ್ರೀತಿಪಾತ್ರರಿಗೆ ಬರೆದ ಪತ್ರ; ರಾಗ ಮಾತ್ರ ಹಬ್ಬದ ಬೆಳಗಿನದ್ದು. ‘ಎ ರೋಸ್ ಫಾರ್ ಎಮಿಲಿ’ಯಲ್ಲಿ ಪಿಯಾನೊ ಮತ್ತು ಕಂಠಗಳ ಹೊರತು ಬೇರೇನಿಲ್ಲ. ಮೊದಲ ಮಹಾಯುದ್ಧದ ಸೈನಿಕನ ನಡುಕವನ್ನು ಹೇಳುವ ‘ಬುಚರ್ಸ್ ಟೇಲ್’ ಹಾಡಿಗೆ ಬಾಸ್ ವಾದಕ ಕ್ರಿಸ್ ವೈಟ್ ಕಾಲಲ್ಲಿ ತಿದಿಯೊತ್ತಿ ನುಡಿಸುವ ಹಳೆಯ ಆರ್ಗನ್ ತಂದರು. ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂಗೆ ಹತ್ತಿರದ ದಾಯಾದಿ ಅದು, ಉಸಿರುಗಟ್ಟುವ ಅದರ ಸದ್ದು ಹಾಡಿಗೆ ಹೇಳಿ ಮಾಡಿಸಿದಂತಿದೆ. ಕೊನೆಯ ಹಾಡು ‘ಟೈಮ್ ಆಫ್ ದ ಸೀಸನ್’ ಮುದ್ರಿಸುವಾಗ ಆರ್ಜೆಂಟ್ ಪದೇ ಪದೇ ತಿದ್ದಿದ್ದಕ್ಕೆ ಗಾಯಕ ಕಾಲಿನ್ ಬ್ಲನ್‌ಸ್ಟೋನ್ ರೇಗಿ, ಅಷ್ಟು ಗೊತ್ತಿದ್ದರೆ ನೀನೇ ಬಂದು ಹಾಡು ಎಂದುಬಿಟ್ಟರಂತೆ. ಆ ಹಾಡಿನ ಮಂದ್ರ, ಮೆತ್ತಗಿನ ದನಿಯ ಹಿಂದೆ ಈ ಜಗಳವಿದೆ ಎಂದು ಕೇಳಿದವರಿಗೆ ಗೊತ್ತಾಗುವುದಿಲ್ಲ.

ಆಲ್ಬಂ ಮುಗಿಯುವ ಹೊತ್ತಿಗೆ ಹಣ ಖಾಲಿ. ಸ್ಟೀರಿಯೊ ಆವೃತ್ತಿಯೂ ಬೇಕೆಂದು ಕಂಪನಿ ಕೇಳಿದಾಗ ಆರ್ಜೆಂಟ್ ಮತ್ತು ವೈಟ್ ತಮ್ಮ ಕಿಸೆಯಿಂದ ಖರ್ಚು ಹಾಕಿದರು. ಮುಂಚಿತವಾಗಿ ಬಿಟ್ಟ ಎರಡು ಸಿಂಗಲ್‌ಗಳೂ ಮಕಾಡೆ ಮಲಗಿದವು. 1967ರ ಡಿಸೆಂಬರ್‌ನಲ್ಲಿ ತಂಡ ಒಡೆಯಿತು. ಆಲ್ಬಂ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 1968ರ ಏಪ್ರಿಲ್‌ನಲ್ಲಿ. ಬ್ಲನ್‌ಸ್ಟೋನ್ ಅಷ್ಟರಲ್ಲಿ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದರು. ಹೊದಿಕೆ ಬರೆದ ಕಲಾವಿದ ಆಲ್ಬಂ ಹೆಸರಿನ ಕಾಗುಣಿತವನ್ನೇ ತಪ್ಪು ಬರೆದಿದ್ದ, ತಂಡದವರು ಬೇಕೆಂದೇ ಹಾಗೆ ಬರೆಸಿದ್ದು ಎಂದು ವರ್ಷಾನುಗಟ್ಟಲೆ ಸಮರ್ಥಿಸಿಕೊಂಡರು. ಅಮೆರಿಕದಲ್ಲಿ ಅದು ಬರುತ್ತಲೇ ಇರಲಿಲ್ಲವೇನೋ. ಕೊಲಂಬಿಯಾದಲ್ಲಿದ್ದ ಸಂಗೀತಗಾರ ಆಲ್ ಕೂಪರ್ ಲಂಡನ್ನಿನಿಂದ ಒಂದು ತಟ್ಟೆ ಕೊಂಡು ತಂದು, ಇದನ್ನು ಬಿಡಬಾರದೆಂದು ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಬೆನ್ನು ಹತ್ತಿದರು. ‘ಟೈಮ್ ಆಫ್ ದ ಸೀಸನ್’ 1969ರ ಆರಂಭದಲ್ಲಿ ಅಮೆರಿಕದ ಮೂರನೇ ಸ್ಥಾನಕ್ಕೇರಿತು. ವೇದಿಕೆಗೆ ಬರಲು ತಂಡವೇ ಇಲ್ಲ. ಕಾರ್ಯಕ್ರಮ ಏರ್ಪಡಿಸುವ ಕಂಪನಿಯೊಂದು ಕೂಲಿಗೆ ವಾದ್ಯಗಾರರನ್ನು ಹಿಡಿದು ನಕಲಿ ಜಾಂಬೀಸ್ ತಂಡಗಳನ್ನು ಊರೂರು ತಿರುಗಿಸಿತು. ಹಾಗೆ ವೇಷ ಹಾಕಿದ ಟೆಕ್ಸಸ್ ಹುಡುಗರಲ್ಲಿ ಇಬ್ಬರು, ಡಸ್ಟಿ ಹಿಲ್ ಮತ್ತು ಫ್ರ್ಯಾಂಕ್ ಬಿಯರ್ಡ್, ಮುಂದೆ ಝಡ್‌ಝಡ್ ಟಾಪ್ ತಂಡದಲ್ಲಿ ಜಗತ್ಪ್ರಸಿದ್ಧರಾದರು. ಒಂದು ಹಾಡು ಗೆದ್ದರೂ ಆಲ್ಬಂ ಗೆಲ್ಲಲಿಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಅದು 80ನೇ ಸ್ಥಾನ ಪಡೆದದ್ದು 2003ರಲ್ಲಿ. ನಿಜವಾದ ಜಾಂಬೀಸ್ ಅದನ್ನು ಮೊದಲಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿದ್ದು 2008ರಲ್ಲಿ, 40 ವರ್ಷ ತಡವಾಗಿ.

ಅದೇ 1968ರಲ್ಲಿ ಬಂದ ‘ದಿ ಕಿಂಕ್ಸ್ ಆರ್ ದಿ ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ’ಯನ್ನು ಕೆಡಿಸಿದ್ದು ಮುಹೂರ್ತ. ಕಿಂಕ್ಸ್ ತಂಡದ ರೇ ಡೇವಿಸ್ ಬರೆದ ಈ ಹಾಡುಗಳಲ್ಲಿ ಹಳೆಯ ಹಬೆ ರೈಲು, ಹಳ್ಳಿಯ ಹುಲ್ಲುಗಾವಲು, ಮನೆಯ ಫೋಟೊ ಆಲ್ಬಂ, ಶಾಲೆಯ ಗೆಳೆಯ ಇವೆಲ್ಲ ಬರುತ್ತವೆ. ಪ್ಯಾರಿಸ್ಸಿನಿಂದ ಶಿಕಾಗೊವರೆಗೆ ಯುವಕರು ಬೀದಿಗಿಳಿದಿದ್ದ ವರ್ಷ ಅದು. ಹಳ್ಳಿ ಉಳಿಸುವ ಸಂಘದ ಹೆಸರಿನ ರಾಕ್ ಆಲ್ಬಂ ಯಾರಿಗೆ ಬೇಕಿತ್ತು? ಸಾಲದೆಂಬಂತೆ ನವೆಂಬರ್ 22ರಂದು, ಬೀಟಲ್ಸ್‌ನ ಬಿಳಿ ಹೊದಿಕೆಯ ಜೋಡಿ ಆಲ್ಬಂ ಬಂದ ದಿನವೇ ಇದೂ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. 1965ರಿಂದ ಅಮೆರಿಕದ ಸಂಗೀತಗಾರರ ಸಂಘ ಕಿಂಕ್ಸ್‌ಗೆ ಆ ದೇಶದ ವೇದಿಕೆಗಳನ್ನು ಮುಚ್ಚಿತ್ತಾದ್ದರಿಂದ ಅಲ್ಲಿ ಪ್ರಚಾರಕ್ಕೂ ದಾರಿಯಿರಲಿಲ್ಲ. ಎರಡೂ ದೇಶಗಳ ಪಟ್ಟಿಯಲ್ಲಿ ಆಲ್ಬಂ ಹೆಸರೇ ಬರಲಿಲ್ಲ. ಡೇವಿಸ್ ಹಳೆಯದನ್ನು ಬರೀ ಹಾಡಿ ಹೊಗಳಿದವರಲ್ಲ ಎಂಬುದು ಎರಡನೇ ಸಲ ಕೇಳುವಾಗ ಹೊಳೆಯುತ್ತದೆ. ಫೋಟೊ ತೆಗೆಯುವ ಚಟವನ್ನೇ ಗೇಲಿ ಮಾಡುವ ಕೊನೆಯ ಹಾಡು ಅಲ್ಲಿಯವರೆಗಿನ ಹಂಬಲದ ಮೇಲೆ ತಣ್ಣೀರು ಹೊಯ್ಯುತ್ತದೆ. ಬ್ರಿಟನ್ನಿನಲ್ಲಿ ಈ ಆಲ್ಬಂಗೆ ಚಿನ್ನದ ತಟ್ಟೆಯ ಮನ್ನಣೆ ಸಿಕ್ಕಿದ್ದು 2018ರಲ್ಲಿ.

ಪ್ರಿಟಿ ಥಿಂಗ್ಸ್ ತಂಡದ ‘ಎಸ್. ಎಫ್. ಸಾರೊ’ ಕೂಡ 1968ರ ಕೊನೆಗೇ ಬಂತು. ಒಬ್ಬನ ಹುಟ್ಟಿನಿಂದ ಮುಪ್ಪಿನವರೆಗಿನ ಕಥೆಯನ್ನು ಹಾಡುಗಳಲ್ಲಿ ಹೇಳುವ ಈ ಆಲ್ಬಂ ಬ್ರಿಟನ್ನಿನಲ್ಲಿ ‘ದಿ ಹೂ’ ತಂಡದ ‘ಟಾಮಿ’ಗಿಂತ ಮೊದಲು ಬಂದರೂ ಅಮೆರಿಕದಲ್ಲಿ ಅದರ ನಂತರ ಬಂದು ನಕಲು ಎನ್ನಿಸಿಕೊಂಡಿತು. ಇನ್ನೂ ಹಿಂದೆ 1966ರಲ್ಲಿ, ಜರ್ಮನಿಯಲ್ಲಿ ಸೇನಾಸೇವೆ ಮುಗಿಸಿ ಅಲ್ಲೇ ಉಳಿದ ಐವರು ಅಮೆರಿಕನ್ ಸಿಪಾಯಿಗಳು ನಡುನೆತ್ತಿ ಬೋಳಿಸಿ, ಕರಿ ನಿಲುವಂಗಿ ತೊಟ್ಟು, ಕೊರಳಿಗೆ ಹಗ್ಗ ಬಿಗಿದು ‘ಮಂಕ್ಸ್’ ಎಂಬ ತಂಡದ ಹೆಸರಿನಲ್ಲಿ ಆಲ್ಬಂ ತಂದಿದ್ದರು. ಅವರ ‘ಬ್ಲ್ಯಾಕ್ ಮಂಕ್ ಟೈಮ್’ನಲ್ಲಿ ರಾಗಕ್ಕಿಂತ ಬಡಿತ ಹೆಚ್ಚು, ವಿದ್ಯುತ್ ಬ್ಯಾಂಜೊ ಕೂಡ ತಾಳವಾದ್ಯದ ಹಾಗೆ ಬಡಿಯುತ್ತದೆ. ಹತ್ತು ವರ್ಷದ ನಂತರದ ಪಂಕ್ ಎಂಬ ಒರಟು ರಾಕ್ ಇಲ್ಲೇ ಇದೆ ಎನ್ನುವವರ ಮಾತು ಉತ್ಪ್ರೇಕ್ಷೆಯಲ್ಲ.

ಲಾಸ್ ಏಂಜಲೀಸ್‌ನ ‘ಲವ್’ ತಂಡದ ‘ಫಾರೆವರ್ ಚೇಂಜಸ್’ 1967ರ ನವೆಂಬರ್‌ನಲ್ಲಿ ಬಂತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೂವು, ಪ್ರೇಮ, ಶಾಂತಿ ಎಂದು ಯುವಕರು ಕುಣಿಯುತ್ತಿದ್ದ ಬೇಸಿಗೆ ಆಗಷ್ಟೇ ಮುಗಿದಿತ್ತು. ತಂಡದ ನಾಯಕ ಆರ್ಥರ್ ಲೀ ಎಂಬ ಕಪ್ಪು ಯುವಕನಿಗೆ ಆ ಹೂವಿನಡಿ ಹಾವು ಕಂಡಿತ್ತು. ವಯಸ್ಸು 22, ತಾನು ಬೇಗ ಸಾಯುತ್ತೇನೆ, ಇವು ತನ್ನ ಕೊನೆಯ ಮಾತುಗಳು ಎಂದು ನಂಬಿ ಬರೆದ ಹಾಡುಗಳು ಇವು. ವಾದ್ಯಗಳ ಮಟ್ಟಿಗೆ ಇದಕ್ಕಿಂತ ಹಿತವಾದ ರಾಕ್ ಆಲ್ಬಂ ಸಿಗುವುದು ಕಷ್ಟ: ತಂತಿ ಮೀಟುವ ಮೆತ್ತನೆಯ ಗಿಟಾರ್, ಪಿಟೀಲುಗಳು, ಮೆಕ್ಸಿಕೊ ಗಾಳಿಯ ಟ್ರಂಪೆಟ್. ಮಾತಿನಲ್ಲಿ ರಕ್ತ, ಸೆರೆಮನೆ, ಸಾವು. ಈ ಎರಡರ ನಡುವಿನ ಎಳೆದಾಟವೇ ಆಲ್ಬಂನ ಜೀವ. ಸ್ವರಲಿಪಿ ಬರೆಯಲು ಬಾರದ ಲೀ ಪಿಟೀಲು, ಟ್ರಂಪೆಟ್‌ಗಳ ಸಾಲುಗಳನ್ನು ಬಾಯಲ್ಲಿ ಹಾಡಿ ತೋರಿಸಿದರು, ಡೇವಿಡ್ ಏಂಜಲ್ ಅವನ್ನು ಬರೆದುಕೊಂಡರು.

ಮುದ್ರಣದ ಮೊದಲ ದಿನಗಳಲ್ಲಿ ಮಾದಕವಸ್ತುಗಳಿಂದ ತಂಡ ಎಷ್ಟು ಹಾಳಾಗಿತ್ತೆಂದರೆ ಕೂಲಿ ವಾದ್ಯಗಾರರನ್ನು ಕರೆಸಿ ಎರಡು ಹಾಡು ಮುಗಿಸಬೇಕಾಯಿತು. ತಮ್ಮ ಜಾಗದಲ್ಲಿ ಬೇರೆಯವರು ಕೂತದ್ದನ್ನು ನೋಡಿ ನಾಚಿದ ತಂಡದವರು ತಾಲೀಮು ಮಾಡಿ ಮಿಕ್ಕ ಹಾಡುಗಳನ್ನು ತಾವೇ ನುಡಿಸಿದರು. ಆದರೆ ಲೀಗೆ ಊರು ಬಿಟ್ಟು ಕಾರ್ಯಕ್ರಮ ಕೊಡುವುದೆಂದರೆ ಆಗದು. ತಮ್ಮ ಆಲ್ಬಂಗಳನ್ನು ತರುತ್ತಿದ್ದ ಇಲೆಕ್ಟ್ರಾ ಕಂಪನಿಗೆ ‘ಡೋರ್ಸ್’ ತಂಡವನ್ನು ಶಿಫಾರಸು ಮಾಡಿದ್ದೂ ಅವರೇ. ಡೋರ್ಸ್ ದೇಶವೆಲ್ಲ ಸುತ್ತಿ ಗೆದ್ದಿತು, ಲವ್ ಮನೆಯಲ್ಲೇ ಉಳಿಯಿತು. ಆಲ್ಬಂ ಅಮೆರಿಕದಲ್ಲಿ 154ನೇ ಸ್ಥಾನಕ್ಕೆ ನಿಂತಿತು. ಬ್ರಿಟನ್ನಿನವರು ಮಾತ್ರ ಅದನ್ನು 24ರವರೆಗೆ ಏರಿಸಿದರು. ಆಲ್ಬಂ ಮುಂದೆ ಬದುಕಿದ್ದೂ ಅಲ್ಲೇ. ಬಂದೂಕಿನ ಪ್ರಕರಣವೊಂದರಲ್ಲಿ ಜೈಲು ಸೇರಿ 2001ರ ಕೊನೆಗೆ ಹೊರಬಂದ ಲೀ, 2003ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಪಿಟೀಲು, ಟ್ರಂಪೆಟ್‌ಗಳ ಸಮೇತ ಇಡೀ ಆಲ್ಬಂ ಹಾಡಿದರು. 22ಕ್ಕೇ ಸಾಯುತ್ತೇನೆಂದವರು 61 ವರ್ಷ ಬದುಕಿ, 2006ರಲ್ಲಿ ಹುಟ್ಟೂರು ಮೆಂಫಿಸ್‌ನಲ್ಲಿ ತೀರಿಕೊಂಡರು.

ಅದೇ ಮೆಂಫಿಸ್‌ನ ‘ಬಿಗ್ ಸ್ಟಾರ್’ ತಂಡದ ಕಥೆ ವಿತರಣೆಯೊಂದೇ ಒಂದು ಆಲ್ಬಮನ್ನು ಹೇಗೆ ಕೊಲ್ಲಬಲ್ಲದು ಎಂಬುದಕ್ಕೆ ಪಾಠ. ಆ್ಯಲೆಕ್ಸ್ ಚಿಲ್ಟನ್ 16ನೇ ವಯಸ್ಸಿನಲ್ಲೇ ‘ಬಾಕ್ಸ್ ಟಾಪ್ಸ್’ ತಂಡದ ‘ದಿ ಲೆಟರ್’ ಹಾಡಿ 1967ರಲ್ಲಿ ಅಮೆರಿಕದ ಮೊದಲ ಸ್ಥಾನ ಕಂಡಿದ್ದ ಗಾಯಕ. ಬೀಟಲ್ಸ್ ಧ್ಯಾನದಲ್ಲೇ ಬೆಳೆದ ಕ್ರಿಸ್ ಬೆಲ್ ಜೊತೆ ಸೇರಿ, ಬಾಸ್‌ಗೆ ಆಂಡಿ ಹಮ್ಮೆಲ್, ಡ್ರಮ್ಸ್‌ಗೆ ಜೋಡಿ ಸ್ಟೀಫನ್ಸ್ ಅವರನ್ನು ಕಟ್ಟಿಕೊಂಡು, ಜಾನ್ ಫ್ರೈ ನಡೆಸುತ್ತಿದ್ದ ಆರ್ಡೆಂಟ್ ಸ್ಟುಡಿಯೊದಲ್ಲಿ ರಾತ್ರಿಗಟ್ಟಲೆ ದುಡಿದು 1972ರಲ್ಲಿ ಮೊದಲ ಆಲ್ಬಂ ತಂದರು. ತಂಡದ ಹೆಸರು ಊರಿನ ದಿನಸಿ ಮಳಿಗೆಯೊಂದರ ಹೆಸರು, ಆಲ್ಬಂಗೆ ಇಟ್ಟದ್ದು ‘ನಂಬರ್ ಒನ್ ರೆಕಾರ್ಡ್’ ಎಂದು. ಕಂಚಿನ ಗಂಟೆಯಂತೆ ಕಣಕಣಿಸುವ ಗಿಟಾರ್, ಮೇಲಿಂದ ಮೇಲೆ ಪೇರಿಸಿದ ಕಂಠಗಳು. ‘ಥರ್ಟೀನ್’ ಎಂಬ ಹಾಡಿನಲ್ಲಿ ಹದಿಮೂರರ ಹುಡುಗನ ಪ್ರೀತಿಯನ್ನು ಬರೀ ಗಿಟಾರ್ ಇಟ್ಟುಕೊಂಡು ಎರಡೂವರೆ ನಿಮಿಷದಲ್ಲಿ ಹೇಳಿ ಮುಗಿಸಿದ್ದಾರೆ. ಅದರಲ್ಲಿ ಒಂದು ಮಾತೂ ದೊಡ್ಡವರದ್ದಲ್ಲ. ಪತ್ರಿಕೆಗಳು ಒಂದೇ ಸಮನೆ ಹೊಗಳಿದವು.

ಗಾಂಧಿನಗರದಲ್ಲಿ ಥಿಯೇಟರ್ ಸಿಗದೆ ಕೂತ ಒಳ್ಳೆಯ ಸಿನಿಮಾದ ಗತಿಯೇ ಅದಕ್ಕೂ ಆಯಿತು. ಆರ್ಡೆಂಟ್‌ನ ತಟ್ಟೆಗಳನ್ನು ಹಂಚುತ್ತಿದ್ದದ್ದು ಸ್ಟ್ಯಾಕ್ಸ್, ಕಪ್ಪು ಗಾಯಕರ ಸೋಲ್ ಸಂಗೀತಕ್ಕೆ ಹೆಸರಾದ ಕಂಪನಿ. ರಾಕ್ ಮಾರುವ ಅಂಗಡಿಗಳ ದಾರಿ ಅದಕ್ಕೆ ಗೊತ್ತಿರಲಿಲ್ಲ. ರೇಡಿಯೊದಲ್ಲಿ ಕೇಳಿ, ಪತ್ರಿಕೆಯಲ್ಲಿ ಓದಿ ಅಂಗಡಿಗೆ ಹೋದವರು ಬರಿಗೈಯಲ್ಲಿ ಬಂದರು. ಆಗ ಮಾರಾಟವಾದದ್ದು 10,000ಕ್ಕಿಂತ ಕಡಿಮೆ. ಇದನ್ನು ಸರಿಪಡಿಸಲೆಂದು ಸ್ಟ್ಯಾಕ್ಸ್ ಕೊಲಂಬಿಯಾ ಜೊತೆ ವಿತರಣೆಯ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಕುದುರಿಸಿದ ಕ್ಲೈವ್ ಡೇವಿಸ್ ಅವರನ್ನು ಕೊಲಂಬಿಯಾ 1973ರ ಮೇ ತಿಂಗಳಲ್ಲಿ ಕೆಲಸದಿಂದ ತೆಗೆಯಿತು. ಆಮೇಲೆ ಬಂದವರಿಗೆ ಸ್ಟ್ಯಾಕ್ಸ್ ಸರಕು ಬೇಡದ ಮಗು. ಆ ಹೊತ್ತಿಗೆ ಬೆಲ್ ಮನನೊಂದು ತಂಡ ಬಿಟ್ಟಿದ್ದರು. ಉಳಿದ ಮೂವರು 1974ರಲ್ಲಿ ತಂದ ‘ರೇಡಿಯೊ ಸಿಟಿ’ಗೂ ಅದೇ ಹಣೆಬರಹ. ಅದರಲ್ಲಿನ ‘ಸೆಪ್ಟೆಂಬರ್ ಗರ್ಲ್ಸ್’ ಮೂರು ನಿಮಿಷಕ್ಕೂ ಚಿಕ್ಕದು, ರೇಡಿಯೊಗೆಂದೇ ಅಳೆದು ಹೊಲಿದಂತಿದೆ, ಗೆದ್ದದ್ದು ಮಾತ್ರ ಎಲ್ಲೂ ಇಲ್ಲ. 1986ರಲ್ಲಿ ‘ಬ್ಯಾಂಗಲ್ಸ್’ ತಂಡದ ಹುಡುಗಿಯರು ಅದನ್ನು ತಮ್ಮ ಜನಪ್ರಿಯ ಆಲ್ಬಂನಲ್ಲಿ ಹಾಡಿದರು.

ಮೂರನೆಯ ಆಲ್ಬಂ ಹೊತ್ತಿಗೆ ಉಳಿದವರು ಚಿಲ್ಟನ್ ಮತ್ತು ಸ್ಟೀಫನ್ಸ್ ಮಾತ್ರ. 1974ರ ಕೊನೆಗೆ ನಿರ್ಮಾಪಕ ಜಿಮ್ ಡಿಕಿನ್ಸನ್ ಜೊತೆ ಮುದ್ರಿಸಿದ ಆ ಹಾಡುಗಳು ಮೊದಲ ಆಲ್ಬಂನ ಕಣಕಣವನ್ನು ಒಂದೊಂದಾಗಿ ಕಳಚಿ ಹಾಕುತ್ತವೆ. ‘ಕ್ಯಾಂಗರೂ’ ಹಾಡಿನ ಕಂಠವನ್ನೂ ಗಿಟಾರನ್ನೂ ಚಿಲ್ಟನ್ ಬೇರ್ಪಡಿಸಲಾಗದಂತೆ ಒಂದೇ ಟ್ರ್ಯಾಕಿನಲ್ಲಿ ಮುದ್ರಿಸಿ, ನಿರ್ಮಾಪಕನಾದರೆ ಇದನ್ನೇನಾದರೂ ಮಾಡಿ ತೋರಿಸು ಎಂದು ಡಿಕಿನ್ಸನ್ ಮುಂದೆ ಇಟ್ಟರು. ಡಿಕಿನ್ಸನ್ ಅದರ ಮೇಲೆ ಗದ್ದಲದ ಗಿಟಾರ್, ಮೆಲೊಟ್ರಾನ್ ಹಾಕುತ್ತ ಹೋದರು. ಬಂದದ್ದು ಹಾಡೆಂದು ಹೇಳಲು ಬಾರದ, ಬಿಡಲೂ ಆಗದ ಒಂದು ವಸ್ತು. ಯಾವ ಕಂಪನಿಯೂ ಕೊಳ್ಳಲಿಲ್ಲ, ಸ್ಟ್ಯಾಕ್ಸ್ ದಿವಾಳಿಯೆದ್ದಿತು. ಆಲ್ಬಂ 1978ರಲ್ಲಿ ಹೊರಬಂದಾಗ ತಂಡ ಸತ್ತು ವರ್ಷಗಳೇ ಆಗಿದ್ದವು. ಹಾಡುಗಳ ಸರಣಿಯನ್ನು ತಂಡ ಅಂತಿಮಗೊಳಿಸಿರಲೇ ಇಲ್ಲ, ಹೀಗಾಗಿ ಒಂದೊಂದು ಮರುಮುದ್ರಣದಲ್ಲಿ ಒಂದೊಂದು ಕ್ರಮ, ಹೆಸರು ಕೂಡ ಒಮ್ಮೆ ‘ಥರ್ಡ್’, ಒಮ್ಮೆ ‘ಸಿಸ್ಟರ್ ಲವರ್ಸ್’. 1978ರ ಡಿಸೆಂಬರ್‌ನಲ್ಲಿ ಬೆಲ್ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ 27 ವರ್ಷ. ಅವರು ಒಂಟಿಯಾಗಿ ಮುದ್ರಿಸಿದ್ದ ಹಾಡುಗಳ ಆಲ್ಬಂ 1992ರವರೆಗೆ ಬರಲಿಲ್ಲ.

ಬಿಗ್ ಸ್ಟಾರ್ ಉಳಿದದ್ದು ಮಾತ್ರ ಪತ್ರಿಕೆಗಳಿಂದ. 1973ರ ಮೇ ತಿಂಗಳಲ್ಲಿ ಮೆಂಫಿಸ್‌ನಲ್ಲಿ ನಡೆದ ರಾಕ್ ಬರಹಗಾರರ ಸಮಾವೇಶದಲ್ಲಿ ತಂಡ ಅವರ ಮುಂದೆ ನುಡಿಸಿತ್ತು. ಪುಕ್ಕಟೆ ಪ್ರತಿ ಸಿಕ್ಕ ಆ ವಿಮರ್ಶಕರು ಕ್ಯಾಸೆಟ್‌ಗೆ ಇಳಿಸಿ ಗೆಳೆಯರಿಗೆ ಹಂಚಿದರು. 1980ರ ದಶಕದಲ್ಲಿ ಆರ್‌ಇಎಂ ತಂಡ ಹೋದಲ್ಲೆಲ್ಲ ಇವರ ಹೆಸರು ಹೇಳಿತು, ‘ರಿಪ್ಲೇಸ್‌ಮೆಂಟ್ಸ್’ ತಂಡ 1987ರಲ್ಲಿ ಚಿಲ್ಟನ್ ಹೆಸರಿನದೇ ಒಂದು ಹಾಡು ಕಟ್ಟಿತು. ಚಿಲ್ಟನ್‌ಗೆ ಈ ಭಕ್ತಿ ಹೆಚ್ಚು ರುಚಿಸಿದಂತಿಲ್ಲ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಹೋಟೆಲಿನ ಪಾತ್ರೆ ತೊಳೆದು ಕಳೆದ ದಿನಗಳೂ ಅವರ ಬಾಳಿನಲ್ಲಿದ್ದವು. 2010ರ ಮಾರ್ಚ್‌ನಲ್ಲಿ ಅವರು ಹೋದರು.

ಡೆಟ್ರಾಯಿಟ್ ನಗರ ಎರಡು ಆಲ್ಬಂಗಳನ್ನು ಕಳೆದುಕೊಂಡಿತ್ತು. ಒಂದು, ಮೆಕ್ಸಿಕೊದಿಂದ ವಲಸೆ ಬಂದ ಕಾರ್ಮಿಕನ ಮಗ ಸಿಕ್ಸ್ಟೊ ರೊಡ್ರಿಗೆಜ್ 1970ರಲ್ಲಿ ತಂದ ‘ಕೋಲ್ಡ್ ಫ್ಯಾಕ್ಟ್’. ಬೀದಿಯ ಬಡತನ, ಮಾದಕವಸ್ತು, ಪೊಲೀಸರು, ಮೇಯರ್ ಎಲ್ಲವನ್ನೂ ಏರುದನಿಯಿಲ್ಲದೆ, ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಹೇಳುವ ಹಾಡುಗಳು. ಅಮೆರಿಕದಲ್ಲಿ ಕೊಂಡವರಿಲ್ಲ. ಎರಡನೆಯ ಆಲ್ಬಂ ಕೂಡ ಸೋತ ಮೇಲೆ ಕಂಪನಿ ಕೈಬಿಟ್ಟಿತು, ರೊಡ್ರಿಗೆಜ್ ಹಳೆಯ ಕಟ್ಟಡ ಕೆಡಹುವ ಕೂಲಿಗೆ ಹೋದರು. ಅತ್ತ ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯ ಯುವಕರ ಮನೆಮನೆಯಲ್ಲಿ ಈ ತಟ್ಟೆ ಓಡುತ್ತಿತ್ತು, ಗಾಯಕ ವೇದಿಕೆಯಲ್ಲೇ ಆತ್ಮಹತ್ಯೆ ಮಾಡಿಕೊಂಡನೆಂಬ ವದಂತಿಯೂ ಹಬ್ಬಿತ್ತು. ಅಲ್ಲಿನ ಇಬ್ಬರು ಅಭಿಮಾನಿಗಳು ಬೆನ್ನು ಹತ್ತಿ ಅವರು ಬದುಕಿರುವುದನ್ನು 1997ರಲ್ಲಿ ಪತ್ತೆ ಮಾಡಿದರು. ಮರುವರ್ಷ ರೊಡ್ರಿಗೆಜ್ ಅಲ್ಲಿ ಕಿಕ್ಕಿರಿದ ಸಭಾಂಗಣಗಳಲ್ಲಿ ಹಾಡಿದರು. ಮಲಿಕ್ ಬೆಂಜಲೂಲ್ ತೆಗೆದ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಎಂಬ 2012ರ ಸಾಕ್ಷ್ಯಚಿತ್ರ ಈ ಕಥೆ ಹೇಳಿ ಆಸ್ಕರ್ ಗೆದ್ದಿತು. ಚಿತ್ರ ಚೆನ್ನಾಗಿದೆ, ಆದರೆ ಪೂರ್ತಿ ಪ್ರಾಮಾಣಿಕವಲ್ಲ. ಆಸ್ಟ್ರೇಲಿಯಾದಲ್ಲೂ ರೊಡ್ರಿಗೆಜ್ ಹೆಸರಾಗಿದ್ದರು, 1979 ಮತ್ತು 1981ರಲ್ಲಿ ಅಲ್ಲಿ ಹೋಗಿ ಹಾಡಿಯೂ ಬಂದಿದ್ದರು. ಕಥೆಯ ಬಿಗಿ ಸಡಿಲವಾದೀತೆಂದೋ ಏನೋ ಚಿತ್ರ ಅದನ್ನು ಬಿಟ್ಟುಬಿಟ್ಟಿದೆ. ಅವರು 2023ರ ಆಗಸ್ಟ್‌ನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು, ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ಕಪ್ಪು ಅಣ್ಣತಮ್ಮಂದಿರ ತಂಡದ್ದು. ಕಪ್ಪು ಹುಡುಗರು ಸೋಲ್ ಅಥವಾ ಫಂಕ್ ನುಡಿಸಬೇಕೆಂದು ಎಲ್ಲರೂ ಬಯಸುತ್ತಿದ್ದ ಊರಿನಲ್ಲಿ ಇವರು ಬಿರುಸಾದ ರಾಕ್ ನುಡಿಸಿದರು. ತಂಡದ ಹೆಸರು ‘ಡೆತ್’, ಅಂದರೆ ಸಾವು. ಅಪ್ಪ ಅಪಘಾತದಲ್ಲಿ ಸತ್ತ ಮೇಲೆ ಡೇವಿಡ್ ಆರಿಸಿದ ಹೆಸರದು. 1970ರ ದಶಕದ ನಡುವೆ ಏಳು ಹಾಡು ಮುದ್ರಣವಾದಾಗ, ಹೆಸರು ಬದಲಿಸಿದರೆ ಆಲ್ಬಂ ತರುತ್ತೇನೆ ಎಂದು ಕ್ಲೈವ್ ಡೇವಿಸ್ ಹೇಳಿದರು, ಡೇವಿಡ್ ಒಪ್ಪಲಿಲ್ಲ ಎಂದು ತಮ್ಮಂದಿರು ನೆನೆಯುತ್ತಾರೆ. ಜಾಂಬೀಸ್, ಬಿಗ್ ಸ್ಟಾರ್, ಈಗ ಇದು: ಮೂರು ಕಥೆಗಳಲ್ಲೂ ಅದೇ ಡೇವಿಸ್ ಹಾದುಹೋಗುತ್ತಾರೆ. ಅಮೆರಿಕದಲ್ಲಿ ಯಾರಿಗೆ ಯಾವ ಸಂಗೀತ ಕೇಳಿಸಬೇಕೆಂಬುದು ಎಷ್ಟು ಕೆಲವೇ ಮೇಜುಗಳ ಮೇಲೆ ತೀರ್ಮಾನವಾಗುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ. 1976ರಲ್ಲಿ ಅಣ್ಣತಮ್ಮಂದಿರೇ 500 ಸಿಂಗಲ್ ಅಚ್ಚು ಹಾಕಿಸಿ ಸುಮ್ಮನಾದರು. ಡೇವಿಡ್ 2000ದಲ್ಲಿ ತೀರಿಕೊಂಡರು. ಬೇಕಾದೀತು, ಜೋಪಾನವಾಗಿಡು ಎಂದು ಅವರು ಬಾಬಿಗೆ ಕೊಟ್ಟಿದ್ದ ಮೂಲ ಟೇಪುಗಳಿಂದ ಶಿಕಾಗೊದ ಡ್ರ್ಯಾಗ್ ಸಿಟಿ ಕಂಪನಿ 2009ರಲ್ಲಿ ಆಲ್ಬಂ ತಂದಿತು. ಅರ್ಧ ಗಂಟೆಗೂ ಕಡಿಮೆ ಅವಧಿಯ ಈ ಏಳು ಹಾಡುಗಳು ಪಂಕ್ ಹುಟ್ಟಿದ್ದು ಎಲ್ಲಿ ಎಂಬ ಚರ್ಚೆಯನ್ನು ಮತ್ತೆ ತೆರೆದವು.

ಲಂಡನ್ನಿನ ‘ರೇನ್‌ಕೋಟ್ಸ್’ ತಂಡದ 1979ರ ಆಲ್ಬಂ ಪಂಕ್‌ನ ಇನ್ನೊಂದು ಮುಖ. ಕಲಾಶಾಲೆಯ ವಿದ್ಯಾರ್ಥಿನಿಯರಾದ ಆ್ಯನಾ ಡ ಸಿಲ್ವ ಮತ್ತು ಜೀನಾ ಬರ್ಚ್ ಕಟ್ಟಿದ ಈ ತಂಡದಲ್ಲಿ ನಾಲ್ವರೂ ಹೆಂಗಸರು. ಕೆರೆಯುವ ಪಿಟೀಲು, ತಪ್ಪಿದಂತೆ ಕೇಳಿಸಿ ತಪ್ಪದ ತಾಳ. ವಾದ್ಯ ಕಲಿಯುತ್ತಲೇ ಹಾಡು ಕಟ್ಟಿದ ಗುರುತು ಎಲ್ಲೆಡೆ ಇದೆ, ಅದನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ. ಕಿಂಕ್ಸ್‌ನ ‘ಲೋಲಾ’ವನ್ನು ಇವರು ಹಾಡಿದಾಗ ಹೆಣ್ಣುವೇಷದ ಗಂಡಿನ ಬಗ್ಗೆ ಗಂಡು ಹಾಡಿದ ಹಾಡಿಗೆ ಇನ್ನೊಂದು ಸುತ್ತು ಬಿಗಿದಂತಾಯಿತು. ನಿರ್ವಾಣ ತಂಡದ ಕರ್ಟ್ ಕೊಬೇನ್ ಈ ತಟ್ಟೆ ಹುಡುಕುತ್ತ ಲಂಡನ್ನಿಗೆ ಬಂದು, ಡ ಸಿಲ್ವ ಕೆಲಸ ಮಾಡುತ್ತಿದ್ದ ಹಳೆ ಸಾಮಾನಿನ ಅಂಗಡಿಗೇ ಹೋಗಿದ್ದರು. 1993ರ ಮರುಬಿಡುಗಡೆಗೆ ಮುನ್ನುಡಿಯನ್ನೂ ಅವರೇ ಬರೆದರು.

ಭಾರತದಲ್ಲೂ ಇಂಥದ್ದು ಉಂಟು. ಗೌತಮ್ ಚಟ್ಟೋಪಾಧ್ಯಾಯ 1970ರ ದಶಕದ ನಡುವೆ ಕೊಲ್ಕತ್ತದಲ್ಲಿ ಕಟ್ಟಿದ ‘ಮೊಹೀನೇರ್ ಘೊರಾಗುಲಿ’ ಬಾವುಲ್ ಪದಗಳ ಮಟ್ಟು, ಗಿಟಾರ್, ನಗರದ ಬೇಸರ ಮೂರನ್ನೂ ಬೆರೆಸಿ 1977ರಿಂದ 79ರವರೆಗೆ ವರ್ಷಕ್ಕೊಂದರಂತೆ ಮೂರು ತಟ್ಟೆ ತಂದಿತು. ರವೀಂದ್ರ ಸಂಗೀತ ಮತ್ತು ಸಿನಿಮಾ ಹಾಡುಗಳ ನಡುವೆ ಅದಕ್ಕೆ ಜಾಗ ಸಿಗಲಿಲ್ಲ. 1995ರ ಸಂಕಲನವೊಂದು ಬಂದ ಮೇಲೆ ಕಾಲೇಜು ಹುಡುಗರು ಮುಗಿಬಿದ್ದರು. ಅದರಲ್ಲಿನ ‘ಪೃಥಿಬೀ’ ಹಾಡಿನ ಮಟ್ಟನ್ನು 2006ರ ಹಿಂದಿ ಚಿತ್ರ ‘ಗ್ಯಾಂಗ್‌ಸ್ಟರ್’ನಲ್ಲಿ ಕೇಳಿದ ಕನ್ನಡಿಗರೂ ಬಹಳ ಮಂದಿ, ಮೂಲ ಯಾವುದೆಂದು ತಿಳಿಯದೆ.

ಬ್ರಿಟನ್ನಿನ ‘ಟಾಕ್ ಟಾಕ್’ ತಂಡದ 1988ರ ‘ಸ್ಪಿರಿಟ್ ಆಫ್ ಈಡನ್’ ಮಾತ್ರ ಬೇರೆ ಬಗೆ. ಇವರಿಗೆ ಹಣ, ಹೆಸರು, ವಿತರಣೆ ಎಲ್ಲ ಇತ್ತು. ಹಿಂದಿನ ಆಲ್ಬಂ ಚೆನ್ನಾಗಿ ಮಾರಿದ್ದರಿಂದ ಇಎಂಐ ಕಂಪನಿ ಕೈಬಿಚ್ಚಿ ಖರ್ಚು ಮಾಡಲು ಬಿಟ್ಟಿತು. ಗಾಯಕ ಮಾರ್ಕ್ ಹಾಲಿಸ್ ಮತ್ತು ನಿರ್ಮಾಪಕ ಟಿಮ್ ಫ್ರೀಸ್-ಗ್ರೀನ್ ಲಂಡನ್ನಿನ ವೆಸೆಕ್ಸ್ ಸ್ಟುಡಿಯೊದ ದೀಪ ಆರಿಸಿ, ಗೋಡೆ ಮೇಲೆ ಬಣ್ಣದ ಬೆಳಕು ಹರಿಸಿ, ತಿಂಗಳುಗಟ್ಟಲೆ ಕೆಲಸ ಮಾಡಿದರು. ಹಲವು ವಾದ್ಯಗಾರರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮನಸ್ಸಿಗೆ ತೋಚಿದ್ದನ್ನು ನುಡಿಸಿ ಎಂದರು. ಗಂಟೆಗಟ್ಟಲೆ ನುಡಿಸಿದ್ದರಲ್ಲಿ ಉಳಿಸಿಕೊಂಡದ್ದು ಎಲ್ಲೋ ಕೆಲವು ಕ್ಷಣ. ಪಿಟೀಲಿಗೆ ಆಗಿನ್ನೂ ತರುಣರಾಗಿದ್ದ ನೈಜೆಲ್ ಕೆನಡಿ, ಗಾಯನಕ್ಕೆ ಚೆಮ್ಸ್‌ಫರ್ಡ್ ಕೆಥೆಡ್ರಲ್‌ನ ವೃಂದ. ಕೊನೆಗೆ ಕಂಪನಿಯ ಕೈಗೆ ಬಂದದ್ದು ರೇಡಿಯೊಗೆ ಹಾಕಲು ಒಂದೂ ಹಾಡಿಲ್ಲದ, ಅರ್ಧಕ್ಕರ್ಧ ಮೌನವೇ ಇರುವ ಆರು ರಚನೆಗಳು. ವೇದಿಕೆಯಲ್ಲಿ ಇದನ್ನು ನುಡಿಸಲಾಗದು ಎಂದು ಹಾಲಿಸ್ ಪ್ರವಾಸವನ್ನೂ ನಿರಾಕರಿಸಿದರು. ಜಗಳ ಕೋರ್ಟಿಗೆ ಹೋಯಿತು, ತಂಡ ಕಂಪನಿ ಬಿಟ್ಟು 1991ರಲ್ಲಿ ಇನ್ನೊಂದೇ ಆಲ್ಬಂ ತಂದು ಮುಗಿಯಿತು. ಮುಂದಿನ ದಶಕದಲ್ಲಿ ಪೋಸ್ಟ್-ರಾಕ್ ಎಂಬ ಹೆಸರಿನಲ್ಲಿ ಬೆಳೆದ ಸಂಗೀತದ ಬೇರು ಈ ಎರಡು ಆಲ್ಬಂಗಳಲ್ಲಿದೆ. ಹಾಲಿಸ್ 1998ರಲ್ಲಿ ತಮ್ಮ ಹೆಸರಿನಲ್ಲಿ ಒಂದು ಆಲ್ಬಂ ತಂದು ಸಂಗೀತದಿಂದಲೇ ದೂರವಾದರು, 2019ರಲ್ಲಿ ತೀರಿಕೊಂಡರು.

ಈ ಆಲ್ಬಂಗಳೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ, ಹುಡುಕುವ ಕಷ್ಟ ಉಳಿದಿಲ್ಲ. ಕೇಳುವಾಗ ಒಂದೆರಡು ಎಚ್ಚರ ಬೇಕು. ಮರುಬಿಡುಗಡೆ ಮಾಡುವ ಕಂಪನಿಗಳು ಮೂಲ ಹಾಡುಗಳ ಹಿಂದೆ ತಾಲೀಮಿನ ಚೂರು, ಬಿಟ್ಟ ಹಾಡು ಎಲ್ಲ ಸೇರಿಸುವುದರಿಂದ ಆಲ್ಬಂ ಮುಗಿದದ್ದೇ ತಿಳಿಯುವುದಿಲ್ಲ: ಜಾಂಬೀಸ್‌ನದು 12ನೇ ಹಾಡಿಗೆ, ಕಿಂಕ್ಸ್‌ನದು 15ನೆಯದಕ್ಕೆ, ಲವ್‌ನದು 11ನೆಯದಕ್ಕೆ ಮುಗಿಯುತ್ತದೆ. 60ರ ದಶಕದ ಆಲ್ಬಂಗಳಿಗೆ ಮೋನೊ, ಸ್ಟೀರಿಯೊ ಎರಡೂ ಆವೃತ್ತಿ ಇರುವುದುಂಟು, ಕಿಂಕ್ಸ್‌ನದನ್ನು ಮೋನೊದಲ್ಲಿ ಕೇಳುವುದೇ ಲೇಸು. ಹಾಡುಗಳನ್ನು ಕಲಸಿ ಹಾಕುವ ಗುಂಡಿ ಆರಿಸಿರಬೇಕು. ಟಾಕ್ ಟಾಕ್‌ನ ಮೊದಲ ಮೂರು ರಚನೆಗಳು ಎಲ್‌ಪಿಯ ಮೊದಲ ಮಗ್ಗುಲು. ಪಟ್ಟಿಯಲ್ಲಿ ಮೂರು ಹೆಸರಾಗಿ ಕಂಡರೂ ಅವು ನಡುವೆ ನಿಲ್ಲದೆ ಹರಿಯುವ ಇಪ್ಪತ್ತಮೂರು ನಿಮಿಷದ ಒಂದೇ ರಚನೆ.